ಅಮ್ಮನ ಹಾಡೂ ಅರ್ಧ ಅಂಗುಲದ ಪಟ್ಟಿಯೂ

ಕಳೆದ ದೀಪಾವಳಿಗೆ ಮುಂಚೆ ಅಟ್ಟದ ಧೂಳು ಹೊಡೆಯಲೆಂದು ಏಣಿ ಹತ್ತಿದವನು ಹನ್ನೊಂದು ವಿಡಿಯೋ ಕ್ಯಾಸೆಟ್ಟುಗಳನ್ನು ಹೊತ್ತುಕೊಂಡು ಕೆಳಗಿಳಿದೆ. ಹಳೆಯ ದುಪ್ಪಟಿಯೊಂದರಲ್ಲಿ ಗಂಟು ಕಟ್ಟಿ ಕಬ್ಬಿಣದ ಟ್ರಂಕಿನಲ್ಲಿ ಇಟ್ಟಿದ್ದವು. ಬೆನ್ನಿನ ಚೀಟಿಗಳ ಶಾಯಿ ಬಹುಮಟ್ಟಿಗೆ ಮಾಸಿದ್ದಿತು. ಒಂದರ ಮೇಲಿನ ಬರಹ ಮಾತ್ರ ಓದುವಂತಿದ್ದಿತು. ನಮ್ಮ ತಂದೆಯವರ ಕೈ: ‘ಮದುವೆ, ಮೈಸೂರು, ಮೇ ೧೯೮೮, ಭಾಗ ೨.’ ನನ್ನ ತಂಗಿಯ ಮದುವೆ ಅದು.

ಆ ಎರಡನೆಯ ಭಾಗಕ್ಕೆ ನಮ್ಮ ಮನೆಯಲ್ಲಿ ಒಂದು ವ್ಯಾಜ್ಯವೇ ಅಂಟಿಕೊಂಡಿದೆ. ಹೆಣ್ಣೊಪ್ಪಿಸುವ ಹೊತ್ತಿನಲ್ಲಿ ಅಮ್ಮ ಹಾಡಿದಳೆಂದು ನಾನು ಹೇಳುತ್ತೇನೆ. ಅಮ್ಮ ಬಾಯಿ ತೆರೆಯಲೇ ಇಲ್ಲ, ಹಾಡಿದವರು ಸೋದರತ್ತೆ ಎಂದು ತಂಗಿ ಸಾಧಿಸುತ್ತಾಳೆ. “ನನ್ನ ಮದುವೆ ಅಣ್ಣ, ನನಗೆ ಗೊತ್ತಿಲ್ಲವೇ?” ಎಂಬುದು ಆಕೆಯ ಕೊನೆಯ ಮಾತು. ಆ ಮಾತಿನ ಹಿಂದೆ ಒಂದು ಸಣ್ಣ ನೋವೂ ಇದೆಯೆಂಬುದನ್ನು ನಾನು ಬಲ್ಲೆ. ಅಮ್ಮ ೧೯೯೩ರಲ್ಲಿ ತೀರಿಕೊಂಡಳು. ಫೋಟೋಗಳು ನಾಲ್ಕಾರು ಇವೆ. ದನಿ ಬೇರೆಲ್ಲಿಯೂ ಇಲ್ಲ. ಇದ್ದರೆ ಈ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಇರಬೇಕು.

ನೋಡಿಯೇ ಬಿಡೋಣವೆಂದರೆ ನೋಡುವುದು ಯಾವುದರಲ್ಲಿ? ನಮ್ಮ ಮನೆಯ ವಿ.ಸಿ.ಆರ್. ಎಂದೋ ಹಳೆಯ ಪೇಪರಿನವನ ತಕ್ಕಡಿ ಏರಿತ್ತು. ನೆರೆಯವರೊಬ್ಬರು ತಮ್ಮದನ್ನು ಕೊಟ್ಟರು. ಹದಿನೈದು ವರ್ಷ ನಿದ್ರಿಸಿದ್ದ ಆ ಯಂತ್ರ ಎಚ್ಚೆತ್ತೊಡನೆ ಹಸಿದಿದ್ದಿತೋ ಏನೋ, ಮೊದಲು ಹಾಕಿದ ಕ್ಯಾಸೆಟ್ಟನ್ನು, ನನ್ನ ಮಗನ ನಾಮಕರಣವನ್ನು, ಅಗಿದು ನುಂಗಿತು. ಒಳಗಿನ ರಬ್ಬರಿನ ಚಕ್ರ ಗಟ್ಟಿಯಾಗಿದ್ದುದು ಆಮೇಲೆ ತಿಳಿಯಿತು. ಅದನ್ನು ರಿಪೇರಿ ಮಾಡಿಸಿ, ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದರಿಂದ ಬೆರಳುದ್ದದ ಸಾಧನವೊಂದನ್ನು ಕೊಂಡು ತಂದೆ. ಅದರ ಒಂದು ತುದಿಗೆ ಹಳದಿ, ಕೆಂಪು, ಬಿಳಿಯ ಮೂರು ವೈರು. ಇನ್ನೊಂದು ತುದಿ ಕಂಪ್ಯೂಟರಿಗೆ. ಮದುವೆಯ ಕ್ಯಾಸೆಟ್ಟನ್ನು ಹಾಕಿ, ಉಸಿರು ಬಿಗಿಹಿಡಿದು ಕುಳಿತೆ.

ಚಿತ್ರ ಬಂದಿತು. ಆದರೆ ಪರದೆಯ ಮೇಲಂಚು ಗಾಳಿಗೆ ಸಿಕ್ಕ ಬಾವುಟದಂತೆ ಬಾಗುತ್ತಿದ್ದಿತು. ವಾಲಗದವರು ಡೋಲಿಗೆ ಪೆಟ್ಟು ಕೊಟ್ಟು ಕೈ ಎತ್ತಿದ ಮೇಲೆ ಸದ್ದು ಕೇಳುತ್ತಿದ್ದಿತು. ಎಲ್ಲಕ್ಕಿಂತ ಮಿಗಿಲಾಗಿ, ಹೆಣ್ಣೊಪ್ಪಿಸುವ ಶಾಸ್ತ್ರಕ್ಕೆ ಎಲ್ಲರೂ ಕುಳಿತು, ಅಮ್ಮ ಸೆರಗು ಸರಿಮಾಡಿಕೊಂಡಳೆನ್ನುವಷ್ಟರಲ್ಲಿ ಪರದೆಯೆಲ್ಲ ಅಚ್ಚನೀಲಿಯಾಗಿ ಸದ್ದು ನಿಂತುಹೋಯಿತು. ಒಂದು ನಿಮಿಷದ ಬಳಿಕ ಚಿತ್ರ ಮರಳಿದಾಗ ಸೋದರತ್ತೆ ಹಾಡುತ್ತಿದ್ದರು.

ತಂಗಿಗೆ ಫೋನು ಮಾಡಲು ಮನಸ್ಸಾಗಲಿಲ್ಲ. ಆ ನೀಲಿ ಎಲ್ಲಿಂದ ಬಂದಿತು, ಟೇಪಿನಲ್ಲಿಯೇ ಇದೆಯೇ, ಯಂತ್ರ ತಂದದ್ದೇ ಎಂದು ಕೇಳಿಕೊಂಡು ಹೊರಟೆ. ಸಲಕರಣೆ ಕೊಳ್ಳುವುದು ಅಂಗಡಿಯ ವ್ಯವಹಾರವೆಂದು ತಿಳಿದಿದ್ದವನಿಗೆ ಅದು ಚರಿತ್ರೆಯ ವ್ಯವಹಾರವೆಂದು ನಿಧಾನವಾಗಿ ಮನವರಿಕೆಯಾಯಿತು. ಈ ಟೇಪಿನ ಒಂದೊಂದು ದೋಷದ ಹಿಂದೆಯೂ ಯಾರೋ ಎಲ್ಲೋ ಒಂದು ದಿನ ಮಾಡಿದ ತೀರ್ಮಾನವಿದೆ. ಅದನ್ನು ಅರಿಯದೆ ಯಂತ್ರ ಆರಿಸುವುದೆಂದರೆ ಕಣ್ಣು ಕಟ್ಟಿಕೊಂಡು ಸಂತೆ ಮಾಡಿದಂತೆ.

ಚಿತ್ರಕ್ಕೆ ಪಟ್ಟಿ ಸಿಕ್ಕಿದ ಬಗೆ

ಧ್ವನಿಯನ್ನು ಅಯಸ್ಕಾಂತದ ಪಟ್ಟಿಯ ಮೇಲೆ ಬರೆಯುವ ವಿದ್ಯೆ ಎರಡನೆಯ ಮಹಾಯುದ್ಧದ ಹೊತ್ತಿಗೇ ಜರ್ಮನರಿಗೆ ಕೈವಶವಾಗಿದ್ದಿತು. ಚಿತ್ರದ ಮಾತು ಬೇರೆ. ನಮ್ಮ ಕಿವಿ ಕೇಳುವ ಧ್ವನಿಗೆ ಸೆಕೆಂಡಿಗೆ ಇಪ್ಪತ್ತು ಸಾವಿರ ಕಂಪನಗಳು ಸಾಕು. ಟೆಲಿವಿಷನ್ ಚಿತ್ರಕ್ಕೆ ಹಲವು ದಶಲಕ್ಷ ಬೇಕು. ಅಷ್ಟನ್ನು ಬರೆಯಬೇಕಾದರೆ ಪಟ್ಟಿ ಬಿರುಗಾಳಿಯ ವೇಗದಲ್ಲಿ ಓಡಬೇಕು. ಬ್ರಿಟನ್ನಿನ ಬಿ.ಬಿ.ಸಿ. ಹಾಗೆಯೇ ಓಡಿಸಿ ನೋಡಿತು. ಅದು ೧೯೫೮ರಲ್ಲಿ ಲೋಕಕ್ಕೆ ತೋರಿಸಿದ ‘ವೆರಾ’ ಎಂಬ ಯಂತ್ರದಲ್ಲಿ ಪಟ್ಟಿ ಸೆಕೆಂಡಿಗೆ ೨೦೦ ಅಂಗುಲ ಓಡುತ್ತಿದ್ದಿತು. ಗಾಡಿಯ ಚಕ್ರದಂಥ ಸುರುಳಿ ಹಾಕಿದರೂ ದಕ್ಕುತ್ತಿದ್ದುದು ಹದಿನೈದು ನಿಮಿಷದ ಚಿತ್ರ.

ಅದಕ್ಕೆ ಎರಡು ವರ್ಷ ಮುಂಚೆಯೇ ಅಮೆರಿಕದ ಆಂಪೆಕ್ಸ್ ಸಂಸ್ಥೆ ಬೇರೊಂದು ದಾರಿ ಕಂಡುಕೊಂಡಿದ್ದಿತು. ಚಾರ್ಲ್ಸ್ ಗಿನ್ಸ್‌ಬರ್ಗ್ ಎಂಬ ಎಂಜಿನಿಯರನ ಮುಂದಾಳುತನದ ಆ ತಂಡದಲ್ಲಿ ಆಗಿನ್ನೂ ಎಳೆಯನಾಗಿದ್ದ ರೇ ಡಾಲ್ಬಿಯೂ ಇದ್ದನು. ಸಿನಿಮಾ ಮಂದಿರಗಳ ಗೋಡೆಯ ಮೇಲೆ ಮುಂದೆ ಕಾಣಿಸಿದ ಹೆಸರು ಆತನದೇ. ಪಟ್ಟಿಯನ್ನು ಓಡಿಸುವ ಬದಲು ಬರೆಯುವ ಲೇಖನಿಯನ್ನೇ ತಿರುಗಿಸಿದರೇನು ಎಂಬುದು ಅವರ ಯೋಚನೆ. ಎರಡು ಅಂಗುಲ ಅಗಲದ ಪಟ್ಟಿ ಸೆಕೆಂಡಿಗೆ ೧೫ ಅಂಗುಲದಂತೆ ಸಾವಧಾನವಾಗಿ ಸಾಗುತ್ತದೆ. ನಾಲ್ಕು ಹೆಡ್ಡುಗಳನ್ನು ಹೊತ್ತ ಚಕ್ರ ನಿಮಿಷಕ್ಕೆ ೧೪,೪೦೦ ಸುತ್ತು ತಿರುಗುತ್ತ ಅದರ ಮೇಲೆ ಅಡ್ಡಗೆರೆಗಳನ್ನು ಎಳೆಯುತ್ತದೆ. ೧೯೫೬ರ ಏಪ್ರಿಲ್ ೧೪ರಂದು ಷಿಕಾಗೋ ನಗರದಲ್ಲಿ ಪ್ರಸಾರಕರ ಸಮ್ಮೇಳನದ ಮುಂದೆ ಅದನ್ನು ತೋರಿಸಿದರು. ಅದೇ ವರ್ಷದ ನವೆಂಬರ್ ೩೦ರಂದು ಸಿ.ಬಿ.ಎಸ್. ಸಂಸ್ಥೆ ತನ್ನ ಸುದ್ದಿಯನ್ನು ಆ ಪಟ್ಟಿಯಿಂದ ಪ್ರಸಾರ ಮಾಡಿತು. ಯಂತ್ರದ ಬೆಲೆ ಸುಮಾರು ೫೦,೦೦೦ ಡಾಲರು. ಗಾತ್ರ ಅಡಿಗೆಮನೆಯ ಎರಡು ಬೀರುಗಳಷ್ಟು. ಮನೆಯೊಳಗೆ ಬರುವ ಪದಾರ್ಥವಲ್ಲ ಅದು. ಆದರೆ ತಿರುಗುವ ಹೆಡ್ಡಿನ ಆ ಯುಕ್ತಿ ನಮ್ಮ ಮದುವೆಯ ಕ್ಯಾಸೆಟ್ಟಿನವರೆಗೂ ಬಂದಿದೆ.

ಜಪಾನಿನ ಎರಡು ಗಂಟೆ

ಅದನ್ನು ಮನೆಯೊಳಗೆ ತಂದವರು ಜಪಾನೀಯರು. ಹೆಡ್ಡುಗಳು ಅಡ್ಡಡ್ಡವಾಗಿ ಅಲ್ಲದೆ ಓರೆಯಾಗಿ ಗೀಚಿದರೆ ಒಂದು ಗೀಟಿನಲ್ಲಿ ಬಹಳಷ್ಟು ಚಿತ್ರ ಹಿಡಿಯುತ್ತದೆಂಬುದನ್ನು ತೊಷೀಬಾ ಸಂಸ್ಥೆ ೧೯೫೯ರಲ್ಲಿ ಮಾಡಿ ತೋರಿಸಿತು. ಸೋನಿ ಸಂಸ್ಥೆಯ ಯು-ಮ್ಯಾಟಿಕ್ ಕ್ಯಾಸೆಟ್ಟು ೧೯೭೧ರಲ್ಲಿ ಬಂದಿತು. ಅದು ಕಚೇರಿಗಳ, ಪ್ರಸಾರಕರ ಪಾಲಾಯಿತು. ೧೯೭೫ರ ಮೇ ತಿಂಗಳಲ್ಲಿ ಸೋನಿ ಮನೆಗಳಿಗೆಂದೇ ಬೀಟಾಮ್ಯಾಕ್ಸ್ ಹೊರತಂದಿತು. ಕ್ಯಾಸೆಟ್ಟು ಚಿಕ್ಕದು, ಚಿತ್ರ ಚೊಕ್ಕ; ಆದರೆ ಅದರಲ್ಲಿ ಹಿಡಿಯುತ್ತಿದ್ದುದು ಒಂದೇ ಗಂಟೆ.

ಅತ್ತ ಯೊಕೊಹಾಮಾದ ಜೆ.ವಿ.ಸಿ. ಸಂಸ್ಥೆಯಲ್ಲಿ ಷಿಜುವೊ ತಕಾನೊ ಮತ್ತು ಯೂಮಾ ಷಿರೈಷಿ ಎಂಬ ಇಬ್ಬರು ೧೯೭೧ರಿಂದಲೇ ಒಂದು ಪಟ್ಟಿ ಮಾಡಿಕೊಂಡು ಕೆಲಸ ನಡೆಸಿದ್ದರು. ಯಾವ ಟೆಲಿವಿಷನ್ನಿಗಾದರೂ ಜೋಡಿಸುವಂತಿರಬೇಕು, ಒಂದು ಯಂತ್ರದ ಕ್ಯಾಸೆಟ್ಟು ಇನ್ನೊಂದರಲ್ಲಿ ಓಡಬೇಕು, ಎರಡು ಗಂಟೆಯಾದರೂ ಹಿಡಿಯಬೇಕು ಎಂಬುವು ಅದರೊಳಗಿನ ನಿಯಮಗಳು. ಇದೇ ಸಂಸ್ಥೆಗೆ ಜಪಾನಿನ ಟೆಲಿವಿಷನ್ನಿನ ಪಿತಾಮಹನೆನಿಸಿದ ಕೆಂಜಿರೋ ತಕಯಾನಗಿಯೂ ಸೇರಿದ್ದನು. ೧೯೨೬ರಲ್ಲಿ ಕೊಳವೆಯ ಪರದೆಯ ಮೇಲೆ ಜಪಾನಿ ಅಕ್ಷರವೊಂದನ್ನು ಮೂಡಿಸಿ ತೋರಿಸಿದ ಮನುಷ್ಯ ಆತ. ೧೯೭೬ರ ಸೆಪ್ಟೆಂಬರ್ ೯ರಂದು ವಿ.ಎಚ್.ಎಸ್. ಎಂಬ ಹೆಸರು ಲೋಕಕ್ಕೆ ತಿಳಿಯಿತು. ಅಕ್ಟೋಬರ್ ೩೧ರಂದು ಮೊದಲ ಯಂತ್ರ ಅಂಗಡಿಗೆ ಬಂದಿತು. ಬೆಲೆ ೨,೫೬,೦೦೦ ಯೆನ್. ಮರುವರ್ಷ ಅಮೆರಿಕದ ಆರ್.ಸಿ.ಎ. ಕಂಪನಿ ನಾಲ್ಕು ಗಂಟೆ ಹಿಡಿಯುವ ವಿ.ಎಚ್.ಎಸ್. ಯಂತ್ರವನ್ನು ಮಾರಾಟಕ್ಕಿಟ್ಟಿತು. ಬೀಟಾಮ್ಯಾಕ್ಸ್ ಚಿತ್ರವೇ ಉತ್ತಮವೆಂದು ವಾದಿಸುವವರು ಕೊನೆಯವರೆಗೂ ಇದ್ದರು; ಆದರೆ ಜನ ಇಡೀ ಸಿನಿಮಾ ಒಂದೇ ಕ್ಯಾಸೆಟ್ಟಿನಲ್ಲಿ ಹಿಡಿಯುವುದನ್ನೇ ಕೊಂಡರು.

ಈ ಎರಡು ಗಂಟೆಗೆ ತೆತ್ತ ಬೆಲೆಯನ್ನು ಇಂದು ನಾವು ತೀರಿಸುತ್ತಿದ್ದೇವೆ. ನಮ್ಮ ದೇಶದ ವಿ.ಎಚ್.ಎಸ್. ಯಂತ್ರದಲ್ಲಿ ಅರ್ಧ ಅಂಗುಲದ ಪಟ್ಟಿ ಸೆಕೆಂಡಿಗೆ ಎರಡೂಕಾಲು ಸೆಂಟಿಮೀಟರಿಗೆ ತುಸು ಹೆಚ್ಚು ಮಾತ್ರ ತೆವಳುತ್ತದೆ. ೬೨ ಮಿಲಿಮೀಟರ್ ಅಡ್ಡಳತೆಯ ಡ್ರಮ್ಮು ನಿಮಿಷಕ್ಕೆ ೧,೫೦೦ ಸುತ್ತು ತಿರುಗುತ್ತ ಕೂದಲೆಳೆಗಿಂತ ಕಿರಿದಾದ ಓರೆಗೀಟುಗಳನ್ನು ಎಳೆಯುತ್ತದೆ. ಇಷ್ಟು ಇಕ್ಕಟ್ಟಿನಲ್ಲಿ ಎಲ್ಲಕ್ಕೂ ಜಾಗವೆಲ್ಲಿ? ಪರದೆಯ ಅಗಲದಲ್ಲಿ ಸುಮಾರು ೨೪೦ ಗೆರೆಗಳಷ್ಟು ವಿವರ ಉಳಿಯಿತು. ಬಣ್ಣವನ್ನಂತೂ ಹಿಂಡಿ, ಕೆಳಗಿನ ಕಂಪನಗಳ ಮೂಲೆಯೊಂದಕ್ಕೆ ತುರುಕಿದರು. ಮದುವಣಗಿತ್ತಿಯ ಸೀರೆಯ ಕೆಂಪು ಅಂಚು ದಾಟಿ ಪಕ್ಕದವರ ಮೇಲೆ ಚೆಲ್ಲಿದಂತೆ ಕಾಣುವುದು ಇದರಿಂದಲೇ. ಧ್ವನಿಗೆ ಸಿಕ್ಕಿದ್ದು ಪಟ್ಟಿಯ ಮೇಲಂಚಿನ ಒಂದು ಓಣಿ. ಅದನ್ನು ಬರೆಯುವುದು ತಿರುಗುವ ಹೆಡ್ಡಲ್ಲ. ಪಕ್ಕದಲ್ಲಿ ಸುಮ್ಮನೆ ನಿಂತಿರುವ ಬೇರೊಂದು ಹೆಡ್ಡು. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು; ನನ್ನ ವ್ಯಾಜ್ಯ ಕೊನೆಗೆ ಇತ್ಯರ್ಥವಾದುದು ಇದರ ಮೇಲೆಯೇ.

ನಮ್ಮ ಓಣಿಗಳಿಗೆ ಬಂದುದು

ನಮ್ಮ ದೇಶಕ್ಕೆ ಬಣ್ಣದ ಟೆಲಿವಿಷನ್ ಬಂದುದು ೧೯೮೨ರಲ್ಲಿ, ದಿಲ್ಲಿಯ ಏಷ್ಯನ್ ಕ್ರೀಡಾಕೂಟದ ವರ್ಷ. ಅದರ ಬೆನ್ನಿಗೇ ವಿ.ಸಿ.ಆರ್. ಬಂದಿತು. ಗಲ್ಫಿನಿಂದಲೂ ಸಿಂಗಪುರದಿಂದಲೂ ಬಂದವರು ಮಗುವನ್ನು ಎತ್ತಿಕೊಂಡಂತೆ ಅದನ್ನು ಎತ್ತಿಕೊಂಡು ವಿಮಾನದಿಂದಿಳಿದರು. ಕೊಳ್ಳಲಾರದವರು ರಾತ್ರಿಯೊಂದಕ್ಕೆ ಬಾಡಿಗೆಗೆ ತಂದು ಮೂರು ಸಿನಿಮಾ ನೋಡಿ ಬೆಳಗ್ಗೆ ಕೆಂಗಣ್ಣಿನಲ್ಲಿ ಆಫೀಸಿಗೆ ಹೋದರು. ರಾತ್ರಿ ಬಸ್ಸುಗಳಿಗೆ ‘ವಿಡಿಯೋ ಕೋಚ್’ ಎಂಬ ಬಿರುದು ಬಂದಿತು. ೧೯೮೮ರಲ್ಲಿ ‘ನ್ಯೂಸ್‌ಟ್ರ್ಯಾಕ್’ ಎಂಬ ಸುದ್ದಿಪತ್ರಿಕೆ ಕ್ಯಾಸೆಟ್ಟಿನ ರೂಪದಲ್ಲಿಯೇ ಹೊರಟಿತು. ಸುದ್ದಿಯ ಪ್ರಸಾರವೆಲ್ಲ ಸರ್ಕಾರದ ಕೈಯಲ್ಲಿದ್ದ ಕಾಲದಲ್ಲಿ ಅದು ಸಣ್ಣ ಸಂಗತಿಯಲ್ಲ.

ಹಾಗೆಯೇ ಮದುವೆಯ ಮಂಟಪಕ್ಕೆ ಹೆಗಲ ಮೇಲೆ ಕ್ಯಾಮೆರಾ ಹೊತ್ತವನೊಬ್ಬನೂ, ಕಣ್ಣು ಕುಕ್ಕುವ ದೀಪ ಹಿಡಿದವನೊಬ್ಬನೂ ಬಂದರು. ಪುರೋಹಿತರಿಗಿಂತ ಹೆಚ್ಚಾಗಿ ಅವರ ಮಾತು ನಡೆಯಿತು: “ಸ್ವಾಮಿ, ಇನ್ನೊಂದು ಸಲ ಧಾರೆ ಎರೆಯಿರಿ, ಲೈಟು ಸರಿ ಇರಲಿಲ್ಲ!” ಅಂದು ನಾವು ಬೈದುಕೊಂಡದ್ದು ನಿಜ. ಆದರೆ ಸಾಮಾನ್ಯ ಸಂಸಾರಗಳ ನಡೆ, ನುಡಿ, ಉಡುಗೆ, ಅಡಿಗೆಯವರ ಗದ್ದಲ, ಮುದುಕಿಯರ ಹಾಡು ಇವೆಲ್ಲ ಚಲಿಸುವ ಚಿತ್ರವಾಗಿ ದಾಖಲಾದುದು ನಮ್ಮ ನಾಡಿನಲ್ಲಿ ಅದೇ ಮೊದಲು. ಅರಸರ ಚರಿತ್ರೆಗೆ ಶಾಸನಗಳಿದ್ದಂತೆ ನಮ್ಮಂಥವರ ಚರಿತ್ರೆಗೆ ಈ ಕ್ಯಾಸೆಟ್ಟುಗಳಿವೆ.

ಯಂತ್ರ ಆರಿಸುವವರು ತಿಳಿಯಬೇಕಾದ ಒಂದು ಮಾತು ಇಲ್ಲಿಯೇ ಹೇಳಿಬಿಡುತ್ತೇನೆ. ನಮ್ಮ ಟೆಲಿವಿಷನ್ ಪದ್ಧತಿ ಪಾಲ್ ಎಂಬುದು. ಜರ್ಮನಿಯ ವಾಲ್ಟರ್ ಬ್ರೂಖ್ ಕಂಡುಹಿಡಿದುದು. ೬೨೫ ಗೆರೆ, ಸೆಕೆಂಡಿಗೆ ೨೫ ಚಿತ್ರ. ಅಮೆರಿಕದ್ದು ಎನ್.ಟಿ.ಎಸ್.ಸಿ.; ೫೨೫ ಗೆರೆ, ಸೆಕೆಂಡಿಗೆ ಸುಮಾರು ೩೦ ಚಿತ್ರ. ಅಲ್ಲಿ ನೆಲಸಿದ ಮಗನೋ ಮಗಳೋ ಮೊಮ್ಮಗುವಿನ ಮೊದಲ ಹುಟ್ಟುಹಬ್ಬದ ಟೇಪು ಕಳಿಸಿದ್ದರೆ ಅದು ಇಲ್ಲಿಯ ಸಾಧಾರಣ ವಿ.ಸಿ.ಆರಿನಲ್ಲಿ ಸರಿಯಾಗಿ ಬಾರದು. ಎರಡೂ ಪದ್ಧತಿಗಳನ್ನು ಓದಬಲ್ಲ ಯಂತ್ರವೇ ಬೇಕು.

ಗೆರೆಗಳನ್ನು ಸಾಲಿನಲ್ಲಿ ನಿಲ್ಲಿಸುವ ಪೆಟ್ಟಿಗೆ

ಇನ್ನು ಆ ಬಾವುಟದ ಕಥೆ. ನಮ್ಮ ಪದ್ಧತಿಯಲ್ಲಿ ಚಿತ್ರದ ಪ್ರತಿಯೊಂದು ಗೆರೆಗೂ ಸೆಕೆಂಡಿನ ಹತ್ತು ಲಕ್ಷ ಪಾಲಿನಲ್ಲಿ ೬೪ ಪಾಲಿನಷ್ಟು ಸಮಯ. ಪಟ್ಟಿ ಹಿಗ್ಗುತ್ತದೆ, ಕುಗ್ಗುತ್ತದೆ. ಡ್ರಮ್ಮು ಒಂದಿಷ್ಟು ತಡವರಿಸುತ್ತದೆ. ಗೆರೆಗಳು ಒಂದು ಚೂರು ಮುಂಚೆಯೋ ತಡವಾಗಿಯೋ ಬರುತ್ತವೆ. ಹಳೆಯ ಕೊಳವೆಯ ಟೆಲಿವಿಷನ್ ಉದಾರಿ. ಬಂದ ಗೆರೆಯ ಹೆಜ್ಜೆಗೆ ತನ್ನ ಹೆಜ್ಜೆಯನ್ನು ಹೊಂದಿಸಿಕೊಂಡು ಹೋಗುತ್ತಿದ್ದಿತು. ಅಂದು ನಮ್ಮ ಕಣ್ಣಿಗೆ ದೋಷ ಕಾಣಲೇ ಇಲ್ಲ. ಕಂಪ್ಯೂಟರಿಗೆ ಜೋಡಿಸುವ ಸಾಧನ ಗುಮಾಸ್ತನ ಸ್ವಭಾವದ್ದು. ಗಡಿಯಾರಕ್ಕೆ ಸರಿಯಾಗಿ ಬಾಗಿಲು ತೆರೆಯುತ್ತದೆ; ತಡವಾಗಿ ಬಂದವರನ್ನು ಬಂದ ಹಾಗೆಯೇ ಬರೆದುಕೊಳ್ಳುತ್ತದೆ, ಇಲ್ಲವೆ ಇಡೀ ಚಿತ್ರವನ್ನೇ ಬಿಟ್ಟುಬಿಡುತ್ತದೆ. ಹೀಗೆ ಬಿಟ್ಟ ಚಿತ್ರಗಳು ಲೆಕ್ಕದಲ್ಲಿ ಕೂಡಿಕೂಡಿಯೇ ಡೋಲಿನ ಪೆಟ್ಟೂ ಸದ್ದೂ ಬೇರೆಯಾದುದು.

ಇದಕ್ಕೆ ಮದ್ದು ಪ್ರಸಾರಕರಿಗೆ ಹಿಂದೆಯೇ ಬೇಕಾಗಿದ್ದಿತು. ೧೯೭೩ರಲ್ಲಿ ಅಮೆರಿಕದ ಕನ್ಸಾಲಿಡೇಟೆಡ್ ವಿಡಿಯೋ ಸಿಸ್ಟಮ್ಸ್ ಎಂಬ ಸಂಸ್ಥೆ ಅಂಕಿಗಳ ಮೂಲಕ ಕೆಲಸ ಮಾಡುವ ‘ಟೈಮ್ ಬೇಸ್ ಕರೆಕ್ಟರ್’ ಎಂಬ ಪೆಟ್ಟಿಗೆಯನ್ನು ಹೊರತಂದಿತು, ಟಿ.ಬಿ.ಸಿ. ಎಂಬುದು ಅದರ ರೂಢಿಯ ಹೆಸರು. ದೇವಸ್ಥಾನದ ಬಾಗಿಲಲ್ಲಿ ನಿಂತ ಕಾವಲುಗಾರನಂತೆ ಅದು. ನೂಕಿಕೊಂಡು ಬಂದ ಗೆರೆಗಳನ್ನು ತಡೆದು, ನೆನಪಿನಲ್ಲಿ ಇರಿಸಿಕೊಂಡು, ಸರಿಯಾದ ಹೊತ್ತಿಗೆ ಒಂದೊಂದಾಗಿ ಒಳಗೆ ಬಿಡುತ್ತದೆ. ಓರೆಗೀಟಿನ ಸಣ್ಣ ಯಂತ್ರಗಳ ಚಿತ್ರ ಪ್ರಸಾರಕ್ಕೆ ಯೋಗ್ಯವಾದುದು, ಬೀದಿಯ ಸುದ್ದಿ ಸಂಜೆಗೆ ಮನೆಗೆ ತಲುಪಿದುದು ಈ ಪೆಟ್ಟಿಗೆಯಿಂದ.

ಮನೆಯ ಯಂತ್ರದೊಳಗೆ ಅದು ಸೇರಿದುದು ಎಸ್-ವಿ.ಎಚ್.ಎಸ್. ಕಾಲದಲ್ಲಿ. ಜೆ.ವಿ.ಸಿ. ೧೯೮೭ರಲ್ಲಿ ತಂದ ಈ ಪದ್ಧತಿ ೪೦೦ ಗೆರೆಗಳ ವಿವರ ಕೊಡುತ್ತಿದ್ದಿತು. ಜನ ಅಷ್ಟಾಗಿ ಕೊಳ್ಳಲಿಲ್ಲ. ಮದುವೆಯ ಸ್ಟುಡಿಯೋದವರು ಕೊಂಡರು. ಇಂದು ಹಳೆಯ ಟೇಪಿನವರಿಗೆ ಆ ಯಂತ್ರಗಳೇ ಭಾಗ್ಯನಿಧಿ. ಸಾಧಾರಣ ವಿ.ಎಚ್.ಎಸ್. ಕ್ಯಾಸೆಟ್ಟನ್ನೂ ಅವು ಓದುತ್ತವೆ. ಬೆಳಕನ್ನೂ ಬಣ್ಣವನ್ನೂ ಕಲಸದೆ ಬೇರೆಬೇರೆ ತಂತಿಯಲ್ಲಿ ಹೊರಗೆ ಕಳಿಸುವ ಎಸ್-ವಿಡಿಯೋ ಕಿಂಡಿ ಅವಕ್ಕಿದೆ. ಟೇಪಿನ ಮೇಲೆ ಬೇರೆಯಾಗಿಯೇ ಇರುವುದನ್ನು ಹಳದಿ ವೈರಿನಲ್ಲಿ ಕಲಸಿ ಮತ್ತೆ ಬಿಡಿಸುವುದು ಅಕ್ಕಿಯನ್ನೂ ಬೇಳೆಯನ್ನೂ ಬೆರಸಿ ಆರಿಸಿದಂತೆ. ಪ್ಯಾನಸಾನಿಕ್ಕಿನ ಎನ್.ವಿ.-ಎಫ್.ಎಸ್.೨೦೦, ಅಮೆರಿಕದ ಪದ್ಧತಿಗೆ ಎ.ಜಿ.-೧೯೮೦, ಜೆ.ವಿ.ಸಿ.ಯ ಉತ್ತಮ ದರ್ಜೆಯ ಕೆಲವು ಯಂತ್ರಗಳು, ಇವುಗಳಲ್ಲಿ ಟಿ.ಬಿ.ಸಿ. ಒಳಗೇ ಇರುತ್ತದೆ. ಇವು ಸಿಕ್ಕದಿದ್ದರೆ ಬಡವರ ಉಪಾಯವೂ ಒಂದಿದೆ. ಪ್ಯಾನಸಾನಿಕ್ಕಿನ ಇ.ಎಸ್.೧೦, ಇ.ಎಸ್.೧೫ ಎಂಬ ಹಳೆಯ ಡಿ.ವಿ.ಡಿ. ರೆಕಾರ್ಡರುಗಳನ್ನು ನಡುವೆ ಇಟ್ಟು, ಏನನ್ನೂ ರೆಕಾರ್ಡು ಮಾಡದೆ, ಸುಮ್ಮನೆ ಅವುಗಳ ಮೂಲಕ ಚಿತ್ರವನ್ನು ಹಾಯಿಸಿದರೆ ಬಾವುಟ ಬಹುಮಟ್ಟಿಗೆ ನೆಟ್ಟಗಾಗುತ್ತದೆ.

ಅಂಕಿಗಳ ಲೆಕ್ಕ

ಚಿತ್ರವನ್ನು ಅಂಕಿಗಳಾಗಿ ಬರೆಯುವ ಅಳತೆ ೧೯೮೨ರಲ್ಲಿಯೇ ಅಂತರರಾಷ್ಟ್ರೀಯ ಒಪ್ಪಂದದಿಂದ ನಿಶ್ಚಿತವಾಯಿತು. ನಮ್ಮ ಪದ್ಧತಿಯ ಚಿತ್ರಕ್ಕೆ ಅಡ್ಡಲಾಗಿ ೭೨೦ ಚುಕ್ಕಿ, ೫೭೬ ಗೆರೆ. ಏನನ್ನೂ ಕುಗ್ಗಿಸದೆ ಬರೆದರೆ ಗಂಟೆಯೊಂದಕ್ಕೆ ಸುಮಾರು ೭೫ ಗಿಗಾಬೈಟ್ ಬೇಕು. ೧೯೯೫ರಲ್ಲಿ ಬಂದ ಡಿ.ವಿ. ಎಂಬ ಕ್ರಮ ಅದನ್ನು ೧೩ಕ್ಕೆ ಇಳಿಸಿತು. ಕ್ಯಾನೋಪಸ್ ಸಂಸ್ಥೆಯ ಪೆಟ್ಟಿಗೆಗಳು ಬಹುಕಾಲ ಈ ಕೆಲಸಕ್ಕೆ ಹೆಸರಾಗಿದ್ದವು. ಡಿ.ವಿ.ಡಿ. ಇನ್ನೂ ಹಿಂಡಿತು. ಹಿಂಡಿದಷ್ಟೂ ಹಳೆಯ ಟೇಪಿನ ಮರಳು ಮರಳಾದ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ.

ಏನೂ ಕಳೆಯದಂತೆ ಮಡಿಸಿಡುವ ಕ್ರಮಗಳೂ ಉಂಟು. ಹಫ್‌ವೈಯುವಿ ಎಂಬುದು ಹವ್ಯಾಸಿಗಳಿಗೆ ಬಹುಕಾಲದ ಪರಿಚಯ. ೨೦೦೩ರ ಎಫ್‌ಎಫ್‌ವಿ೧ ಎಂಬುದನ್ನು ಈಗ ದೊಡ್ಡ ಸಂಗ್ರಹಾಲಯಗಳೂ ಬಳಸುತ್ತವೆ. ೨೦೨೧ರಲ್ಲಿ ಅದರ ನಿಯಮಗಳು ಅಂತರ್ಜಾಲದ ಪ್ರಮಾಣಪತ್ರವಾಗಿ ಪ್ರಕಟವಾದವು. ಇವುಗಳಲ್ಲಿ ಗಂಟೆಗೆ ಮೂವತ್ತು ಗಿಗಾಬೈಟಿನ ಆಸುಪಾಸು. ಇಪ್ಪತ್ತು ವರ್ಷದ ಹಿಂದೆ ಎದೆ ನಡುಗಿಸುತ್ತಿದ್ದ ಲೆಕ್ಕವಿದು. ಇಂದು ಹನ್ನೊಂದು ಕ್ಯಾಸೆಟ್ಟೂ ಒಂದು ಸಾಧಾರಣ ಹಾರ್ಡ್ ಡಿಸ್ಕಿನ ಮೂಲೆಯಲ್ಲಿ ಅಡಗುತ್ತವೆ. ನೋಡಲಿಕ್ಕೆ, ಹಂಚಲಿಕ್ಕೆ ಚಿಕ್ಕದೊಂದು ಪ್ರತಿ ತೆಗೆಯಬಹುದು. ತಾಯಿಪ್ರತಿ ಮಾತ್ರ ಇಡಿಯಾಗಿರಬೇಕು.

ಈ ತಾಯಿಪ್ರತಿಯ ಮಹತ್ವ ನಮ್ಮ ನಾಡಿನವರಿಗೆ ಹೊಸತಲ್ಲ. ೧೯೦೫ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳಿಗೆ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ ಸಿಕ್ಕಿ, ೧೯೦೯ರಲ್ಲಿ ಅದು ಅಚ್ಚಾದುದನ್ನು ಓದುಗರು ಬಲ್ಲರು. ಲಿಪಿಕಾರನ ಒಂದು ತಪ್ಪು ಮುಂದಿನ ಎಲ್ಲ ಪ್ರತಿಗಳಿಗೂ ಇಳಿಯುತ್ತದೆಂಬುದು ಗ್ರಂಥಸಂಪಾದನೆಯ ಮೊದಲ ಪಾಠ. ವಿ.ಸಿ.ಆರ್. ಒಬ್ಬ ಲಿಪಿಕಾರನಲ್ಲದೆ ಬೇರೇನೂ ಅಲ್ಲ. ಬೆರಳುದ್ದದ ಸಾಧನ ಇನ್ನೊಬ್ಬ. ಈಚೆಗೆ ಕೆಲವು ಉತ್ಸಾಹಿಗಳು ಲಿಪಿಕಾರನನ್ನೇ ಬಿಟ್ಟು ಓಲೆಗೇ ಕೈಹಾಕಿದ್ದಾರೆ. ‘ವಿ.ಎಚ್.ಎಸ್. ಡಿಕೋಡ್’ ಎಂಬುದು ಅವರ ಉದ್ಯಮ. ಯಂತ್ರದ ಮುಚ್ಚಳ ತೆಗೆದು, ಹೆಡ್ಡಿನಿಂದ ಹೊರಟ ಕಚ್ಚಾ ಸಂಕೇತಕ್ಕೇ ತಂತಿ ಬೆಸೆದು, ಹಾಗೆಯೇ ದಾಖಲಿಸಿಕೊಂಡು, ಚಿತ್ರ ಮಾಡುವ ಕೆಲಸವನ್ನೆಲ್ಲ ಕಂಪ್ಯೂಟರಿಗೆ ಬಿಡುತ್ತಾರೆ. ಫಲ ಬೆರಗುಗೊಳಿಸುವಂಥದು. ಆದರೆ ಬೆಸುಗೆಯ ಕಡ್ಡಿ ಹಿಡಿದರೆ ಕೈ ನಡುಗುವ ನನ್ನಂಥವನಿಗೆ ಅದಲ್ಲ.

ಕಾಲ ಕಾಯುವುದಿಲ್ಲ

೨೦೧೬ರ ಜುಲೈ ತಿಂಗಳಲ್ಲಿ ಜಪಾನಿನ ಫುನಾಯಿ ಸಂಸ್ಥೆ ವಿ.ಸಿ.ಆರ್. ತಯಾರಿಕೆಯನ್ನು ನಿಲ್ಲಿಸಿತು, ಲೋಕದಲ್ಲಿ ಅದನ್ನು ತಯಾರಿಸುತ್ತಿದ್ದ ಕೊನೆಯ ಸಂಸ್ಥೆ ಅದೇ. ಇರುವ ಯಂತ್ರಗಳು ಒಂದೊಂದಾಗಿ ಕಣ್ಣುಮುಚ್ಚುತ್ತಿವೆ. ಟೇಪೂ ಸುಮ್ಮನಿಲ್ಲ. ನಮ್ಮ ಮಳೆಗಾಲದ ತೇವಕ್ಕೆ ಸುರುಳಿಯ ಅಂಚಿನಲ್ಲಿ ಬಿಳಿಯ ಬೂಷ್ಟು ಕೂರುತ್ತದೆ. ಆಸ್ಟ್ರೇಲಿಯದ ರಾಷ್ಟ್ರೀಯ ಚಿತ್ರ-ಧ್ವನಿ ಸಂಗ್ರಹಾಲಯ ೨೦೧೫ರಲ್ಲಿಯೇ, ಅಯಸ್ಕಾಂತದ ಟೇಪುಗಳಿಗೆ ೨೦೨೫ ಕೊನೆಯ ಗಡುವೆಂದು ಎಚ್ಚರಿಸಿತ್ತು. ೨೦೧೯ರಲ್ಲಿ ಯುನೆಸ್ಕೋ ಕೂಡ ಇಂಥದೇ ಎಚ್ಚರಿಕೆಗೆ ದನಿಗೂಡಿಸಿತು. ಆ ಗಡುವು ಕಳೆದ ಕೂಡಲೇ ಟೇಪುಗಳು ಬೂದಿಯಾಗಲಿಲ್ಲ ನಿಜ. ಕೆಲಸ ಕಠಿಣವಾಗುತ್ತಲೇ ಇದೆ.

ದೊಡ್ಡವರೂ ಇದರಲ್ಲಿ ಎಡವಿದ್ದಾರೆ. ೧೯೬೯ರಲ್ಲಿ ಮಾನವ ಚಂದ್ರನ ಮೇಲೆ ಕಾಲಿಟ್ಟ ಚಿತ್ರದ ಮೂಲ ಟೇಪುಗಳನ್ನು ಅಳಿಸಿ ಮತ್ತೆ ಬಳಸಿಬಿಟ್ಟಿದ್ದಿರಬೇಕೆಂದು ನಾಸಾ ಸಂಸ್ಥೆ ೨೦೦೯ರಲ್ಲಿ ಒಪ್ಪಿಕೊಂಡಿತು. ಅತ್ತ ಫಿಲಡೆಲ್ಫಿಯಾದಲ್ಲಿ ಹಿಂದೊಮ್ಮೆ ಲೈಬ್ರರಿಯನ್ ಆಗಿದ್ದ ಮೇರಿಯನ್ ಸ್ಟೋಕ್ಸ್ ಎಂಬ ಹೆಂಗಸು ಮೂವತ್ತಕ್ಕೂ ಹೆಚ್ಚು ವರ್ಷ ಹಗಲಿರುಳೂ ಟೆಲಿವಿಷನ್ ಸುದ್ದಿಯನ್ನು ಮನೆಯಲ್ಲಿಯೇ ರೆಕಾರ್ಡು ಮಾಡಿದಳು. ೨೦೧೨ರಲ್ಲಿ ಆಕೆ ತೀರಿಕೊಂಡಾಗ ಸುಮಾರು ೭೦,೦೦೦ ಕ್ಯಾಸೆಟ್ಟುಗಳಿದ್ದವು. ನೆರೆಹೊರೆಯವರಿಗೆ ಅದು ಹುಚ್ಚಾಗಿ ಕಂಡಿದ್ದೀತು. ಇಂದು ಅದು ಇಂಟರ್ನೆಟ್ ಆರ್ಕೈವ್ ಸಂಸ್ಥೆಯ ಆಸ್ತಿ.

ನೀಲಿಯ ಹಿಂದೆ

ಮೈಸೂರಿನಲ್ಲಿ ಅಂಗಡಿ ಮುಚ್ಚುತ್ತಿದ್ದ ಸ್ಟುಡಿಯೋದವರೊಬ್ಬರಿಂದ ಎಸ್-ವಿ.ಎಚ್.ಎಸ್. ಯಂತ್ರವೊಂದನ್ನು ಕೊಂಡೆ. ಬೆಲೆ ಕೇಳಿ ಮನೆಯಾಕೆ ಎರಡು ದಿನ ಮಾತಾಡಲಿಲ್ಲ. ಇ.ಎಸ್.೧೫ ಒಂದನ್ನು ಹಳೆಯ ಸಾಮಾನಿನವರಲ್ಲಿ ಹುಡುಕಿದೆ. ಹಿಂದೆ ವಿ.ಸಿ.ಆರ್. ರಿಪೇರಿಯಲ್ಲಿ ಹೆಸರು ಮಾಡಿದ್ದ ಎಪ್ಪತ್ತು ದಾಟಿದ ಮೆಕ್ಯಾನಿಕ್ಕರೊಬ್ಬರು ಮನೆಗೇ ಬಂದರು. ಕ್ಯಾಸೆಟ್ಟಿನ ಕಿಟಕಿಯನ್ನು ಬೆಳಕಿಗೆ ಹಿಡಿದು ಬೂಷ್ಟಿಲ್ಲವೆಂದು ನೋಡಿದರು. ಹೆಡ್ಡಿಗೆ ಹತ್ತಿ ತಗಲಿಸಬಾರದು, ಎಳೆ ಸಿಕ್ಕಿಕೊಂಡು ಹೆಡ್ಡೇ ಮುರಿದೀತೆಂದು, ಮೆತ್ತನೆಯ ಚರ್ಮದ ತುಂಡನ್ನು ಐಸೋಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿ, ಡ್ರಮ್ಮನ್ನು ಕೈಯಿಂದ ನಿಧಾನವಾಗಿ ತಿರುಗಿಸುತ್ತ ಒರೆಸಿದರು. ಮೊದಲು ಯಾರಿಗೂ ಬೇಡವಾದ ಸಿನಿಮಾ ಕ್ಯಾಸೆಟ್ಟೊಂದನ್ನು ಓಡಿಸಿ ಯಂತ್ರದ ಗುಣ ನೋಡಿದರು. ಮದುವೆಯ ಟೇಪನ್ನು ಒಮ್ಮೆ ಕೊನೆಯವರೆಗೆ ಸುತ್ತಿ, ಮತ್ತೆ ಮೊದಲಿಗೆ ತಂದು, ಅಂಟಿಕೊಂಡ ಸುರುಳಿಯನ್ನು ಸಡಿಲ ಮಾಡಿದರು. ದನಿ ಮಂಕಾಗಿದೆಯೆಂದು ಧ್ವನಿಯ ಹೆಡ್ಡಿನ ಪಕ್ಕದ ತಿರುಪನ್ನು ಕಿವಿಗೊಟ್ಟು ಕೇಳುತ್ತ ಕೂದಲೆಳೆಯಷ್ಟು ತಿರುಗಿಸಿದರು. ಮಂಟಪದ ಗದ್ದಲದಿಂದ ಮಾತುಗಳು ಬಿಡಿಬಿಡಿಯಾಗಿ ಎದ್ದುಬಂದವು.

ನೀಲಿಯ ಸಂಗತಿ ಹ���ಳಿದೆ. ಅವರು ನಕ್ಕರು. “ಅದು ಟೇಪಿನದಲ್ಲ ಸಾರ್. ಚಿತ್ರ ಕೆಟ್ಟು ಬಂದರೆ ಜನ ಬೈಯುತ್ತಾರೆಂದು ಕಂಪನಿಯವರು ಯಂತ್ರಕ್ಕೇ ನೀಲಿ ಹಾಕುವುದನ್ನು ಕಲಿಸಿದ್ದಾರೆ. ನೀಲಿ ಬಂದರೆ ಸದ್ದನ್ನೂ ಮುಚ್ಚಿಬಿಡುತ್ತದೆ,” ಎಂದು ಹೇಳಿ ಮೆನುವಿನಲ್ಲಿ ಆ ಸೌಜನ್ಯವನ್ನು ತೆಗೆದುಹಾಕಿದರು.

ಆ ಜಾಗ ಬಂದಿತು. ಟೇಪು ಅಲ್ಲಿ ಸುಕ್ಕಾಗಿದ್ದಿತು. ಪರದೆಯ ತುಂಬ ಹಿಮ ಸುರಿದಂತೆ ಚುಕ್ಕಿಗಳು; ಅವುಗಳ ನಡುವೆ ಒಂದು ಸೆರಗು, ಒಂದು ಕೈ. ಆದರೆ ಅಂಚಿನ ಓಣಿಯಲ್ಲಿ ದನಿ ಇದ್ದಿತು. ಅಮ್ಮ ಹಾಡುತ್ತಿದ್ದಳು. ಮೂರು ಸಾಲು ಹಾಡಿದಳು. ನಾಲ್ಕನೆಯದರ ಮೊದಲ ಪದದಲ್ಲಿ ಗಂಟಲು ಕಟ್ಟಿತು. ಎರಡು ಕ್ಷಣ ಬರಿಯ ಮೌನ. ಎಲ್ಲೋ ಪಾತ್ರೆಯೊಂದು ಬಿದ್ದ ಸದ್ದು. ಆಮೇಲೆ ಸೋದರತ್ತೆ ಅದೇ ಪದದಿಂದ ಎತ್ತಿಕೊಂಡು ಹಾಡನ್ನು ಮುಗಿಸಿದರು.

ಮುಂದಿನ ಭಾನುವಾರ ತಂಗಿ ಶಿವಮೊಗ್ಗದಿಂದ ಬಂದಳು. ಎರಡು ಸಲ ಕೇಳಿದಳು. ಆ ಗಳಿಗೆಯಲ್ಲಿ ಆಕೆ ಅಳುತ್ತ ತಲೆ ತಗ್ಗಿಸಿ ಕುಳಿತಿದ್ದಳು. ಅಷ್ಟು ಮೆಲ್ಲನೆಯ ದನಿ ಕಿವಿಗೆ ಬಿದ್ದಿರಲಿಕ್ಕಿಲ್ಲ. ನಾನೋ ಬಾಗಿಲ ಬಳಿ ನಿಂತು ಮೊದಲನ್ನು ಕೇಳಿ, ಬಸ್ಸು ಬಂದಿತೆಂದು ಹೊರಗೆ ಓಡಿದ್ದೆ. ಇಬ್ಬರದೂ ಅರ್ಧರ್ಧ ಸರಿಯಾಗಿದ್ದಿತು. ಹಿಂದಿನ ಗುಂಯ್‌ಗುಡುವ ಸದ್ದನ್ನು ಕಂಪ್ಯೂಟರಿನಲ್ಲಿ ತೆಗೆಯಬಹುದೆಂದು ನನ್ನ ಸೋದರಳಿಯ ಹೇಳಿದನು. “ಬೇಡ ಅಣ್ಣ, ಅದರ ಜೊತೆ ಇನ್ನೇನು ಹೋದೀತೋ, ಹಾಗೆಯೇ ಇರಲಿ,” ಎಂದಳು.

ಈಗ ಮೂರು ಪ್ರತಿಗಳಿವೆ: ನನ್ನಲ್ಲಿ ಒಂದು, ತಂಗಿಯಲ್ಲಿ ಒಂದು, ಸೋದರಳಿಯನಲ್ಲಿ ಒಂದು. ಮೂಲವನ್ನು ಎಸೆದಿಲ್ಲ. ನನಗಿಂತ ಗಟ್ಟಿಗನಾದ ಲಿಪಿಕಾರನು ನಾಳೆ ಬಂದರೂ ಬಂದಾನೆಂದು ಒಣಗಿದ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿ ಇಟ್ಟಿದ್ದೇನೆ. ತಂದೆಯವರ ಚೀಟಿಯ ಕೆಳಗೆ ನಾನೂ ಒಂದು ಚೀಟಿ ಅಂಟಿಸಿದ್ದೇನೆ: ‘೧ ಗಂಟೆ ೪೨ನೆಯ ನಿಮಿಷ. ಅಮ್ಮ, ಆಮೇಲೆ ಅತ್ತೆ.’